ಇಪ್ಪತ್ತನಾಲ್ಕೇ ವರ್ಷಕ್ಕೆ ಕ್ರೀಡಾಂಗಣ ಮುದಿಯಾಗುವುದು ಹೇಗೆ?

ಮಳೆಯೂರ ಹೊಸಬ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಿಯಾಟಲ್‌ಗೆ ಬಂದು ಎರಡು ವರ್ಷವಾಯಿತು. ಅಮೆರಿಕನ್ ಫುಟ್‌ಬಾಲ್ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ: ಚೆಂಡು ದುಂಡಗಿಲ್ಲ, ಅದನ್ನು ಕಾಲಿನಿಂದ ಒದೆಯುವುದು ಅಪರೂಪ, ಗಡಿಯಾರದ ಲೆಕ್ಕದಲ್ಲಿ ಒಂದು ಗಂಟೆಯ ಆಟ ಮುಗಿಯಲು ಮೂರು ಗಂಟೆ ಬೇಕು. ಕಳೆದ ಭಾನುವಾರ ಸಹೋದ್ಯೋಗಿಯೊಬ್ಬರು ಪಟ್ಟು ಬಿಡದೆ ಇಲ್ಲಿನ ಸೀಹಾಕ್ಸ್ ತಂಡದ ಪಂದ್ಯಕ್ಕೆ ಕರೆದೊಯ್ದರು. ಆಟ ಅರ್ಥವಾಗಲಿಲ್ಲ, ಗದ್ದಲ ಮಾತ್ರ ಚೆನ್ನಾಗಿ ಅರ್ಥವಾಯಿತು.

ಸರತಿಯಲ್ಲಿ ನಿಂತಿದ್ದಾಗ ಅವರು ಹೇಳಿದ ಮಾತೊಂದು ಇನ್ನೂ ತಲೆ ಕೊರೆಯುತ್ತಿದೆ. ನಾವು ನಿಂತಿದ್ದ ಜಾಗದಲ್ಲಿ ಹಿಂದೆ ಕಿಂಗ್‌ಡೋಮ್ ಎಂಬ ದೊಡ್ಡ ಕಾಂಕ್ರೀಟ್ ಗುಮ್ಮಟವಿತ್ತಂತೆ. 1976ರಲ್ಲಿ ತೆರೆದದ್ದನ್ನು 2000ದ ಮಾರ್ಚ್ 26ರಂದು ಸ್ಫೋಟಕ ಇಟ್ಟು ಉರುಳಿಸಿದರಂತೆ. ಅದರ ಸಾಲ ಮಾತ್ರ ತೀರಿದ್ದು 2015ರಲ್ಲಂತೆ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮನೆಗೆ ಬಂದು ಹುಡುಕಿದರೆ ಅಕ್ಷರಶಃ ನಿಜ.

ಕಾಂಕ್ರೀಟ್ ಕಟ್ಟಡಕ್ಕೆ ಇಪ್ಪತ್ತನಾಲ್ಕು ವರ್ಷ ಒಂದು ವಯಸ್ಸೇ? ಕಟ್ಟಿದವರು ಕೆಟ್ಟದಾಗಿ ಕಟ್ಟಿದ್ದರೇ, ಅಥವಾ ಈ ಆಟದ ಸ್ವಭಾವವೇ ಹಾಗೆಯೇ? ಇಂಥ ಕ್ರೀಡಾಂಗಣಗಳು ಬರುವ ಮೊದಲು ಇವರು ಎಲ್ಲಿ ಆಡುತ್ತಿದ್ದರು? ತಿಳಿದವರು ಬುಡದಿಂದ ಹೇಳಿದರೆ ಉಪಕಾರ. ಆಟದ ನಿಯಮ ನನಗೆ ಬರುವುದಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ಟಚ್‌ಡೌನ್ ತಮ್ಮಯ್ಯ:

ಉತ್ತರ ಒಂದೇ ಪದದ್ದು: ದುಡ್ಡು. ದೇಶಾದ್ಯಂತ ಪ್ರಸಾರವಾಗುವ ಪಂದ್ಯಗಳ ಟಿವಿ ಹಣವನ್ನು ಎನ್‌ಎಫ್‌ಎಲ್ ಎಂಬ ವೃತ್ತಿಪರ ಫುಟ್‌ಬಾಲ್ ಲೀಗಿನ 32 ತಂಡಗಳು ಸಮನಾಗಿ ಹಂಚಿಕೊಳ್ಳುತ್ತವೆ. ಟಿಕೆಟ್ ಹಣದಲ್ಲೂ ಒಂದು ಪಾಲು ಬೇರೆ ತಂಡಗಳಿಗೆ ಹೋಗುತ್ತದೆ. ಆದರೆ ಮೇಲೆ ಗಾಜಿನ ಗೋಡೆಯ ಹಿಂದೆ ಕುಳಿತು ಊಟ ಮಾಡುತ್ತಾ ಆಟ ನೋಡುವ ಕೋಣೆಗಳಿವೆಯಲ್ಲ, ಆ ಸೂಟ್‌ಗಳ ಬಾಡಿಗೆ ಪೂರ್ತಿ ತಂಡದ ಮಾಲೀಕನ ಜೇಬಿಗೆ. ಹಳೆಯ ಕ್ರೀಡಾಂಗಣದಲ್ಲಿ ಸೂಟ್ ಕಡಿಮೆ, ಹೊಸದರಲ್ಲಿ ಹೆಚ್ಚು. ಆದ್ದರಿಂದ ಹಳೆಯದು ಮುದಿಯಾಯಿತು. ಇದರಲ್ಲಿ ಇತಿಹಾಸ ಹುಡುಕುವಂಥದ್ದು ಏನೂ ಇಲ್ಲ.

ಎಂಟನೇ ಗೇಟು:

ತಮ್ಮಯ್ಯನವರೇ, ನಿಮ್ಮ ಉತ್ತರ ತಪ್ಪಲ್ಲ, ಆದರೆ ಅದು ಕಥೆಯ ಕೊನೆಯ ಅಧ್ಯಾಯ. ಹೊಸಬರು ಬುಡದಿಂದ ಕೇಳಿದ್ದಾರೆ. ನಾನು ನಿವೃತ್ತ ಸ್ಟ್ರಕ್ಚರಲ್ ಎಂಜಿನಿಯರ್. ಹತ್ತು ವರ್ಷ ಮಿಚಿಗನ್‌ನಲ್ಲಿದ್ದೆ, ಆಮೇಲೆ ಪಿಟ್ಸ್‌ಬರ್ಗ್‌ಗೆ ಬಂದು ಇಲ್ಲೇ ಉಳಿದೆ. ಈ ಆಟದ ಮೇಲೆ ನನಗೆ ಇರುವುದು ಹದವಾದ ಪ್ರೀತಿ, ಅದು ನಡೆಯುವ ಕಟ್ಟಡಗಳ ಮೇಲಿರುವುದು ಹುಚ್ಚು. ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಮೊದಲು ತಿಳಿಯಬೇಕಾದದ್ದು: ವೃತ್ತಿಪರ ಫುಟ್‌ಬಾಲ್ ತನ್ನ ಮೊದಲ ಐವತ್ತು ವರ್ಷ ಬಾಡಿಗೆ ಮನೆಯಲ್ಲಿ ಬದುಕಿತು. ಲೀಗ್ ಹುಟ್ಟಿದ್ದೇ 1920ರಲ್ಲಿ ಓಹಾಯೋದ ಕ್ಯಾಂಟನ್‌ನಲ್ಲಿ, ಒಂದು ಕಾರು ಮಾರುವ ಅಂಗಡಿಯಲ್ಲಿ. ಸಾಕಷ್ಟು ಕುರ್ಚಿಗಳಿರಲಿಲ್ಲವಾದ್ದರಿಂದ ತಂಡಗಳ ಪ್ರತಿನಿಧಿಗಳು ಕಾರುಗಳ ಪಕ್ಕದ ಮೆಟ್ಟಿಲುಪಟ್ಟಿಯ ಮೇಲೆ ಕುಳಿತು ಸಭೆ ನಡೆಸಿದರು. ಕುರ್ಚಿಯೇ ಇಲ್ಲದವರಿಗೆ ಕ್ರೀಡಾಂಗಣ ಎಲ್ಲಿಂದ ಬರಬೇಕು? ಊರ ಪಾರ್ಕುಗಳಲ್ಲಿ ಆಡಿದರು. ದೊಡ್ಡ ಊರಾದರೆ ಬೇಸ್‌ಬಾಲ್ ತಂಡದ ಮೈದಾನವನ್ನು ಬಾಡಿಗೆಗೆ ಹಿಡಿದರು. ಆ ಕಾಲದಲ್ಲಿ ಬೇಸ್‌ಬಾಲ್ ಯಜಮಾನ, ಕಾಲೇಜು ಫುಟ್‌ಬಾಲ್ ಮರ್ಯಾದಸ್ಥ. ದುಡ್ಡಿಗಾಗಿ ಫುಟ್‌ಬಾಲ್ ಆಡುವವನನ್ನು ಕೇಳುವವರಿರಲಿಲ್ಲ.

ಬಾಡಿಗೆದಾರನ ದೈನ್ಯ ಎಷ್ಟಿತ್ತೆಂದರೆ ಹೆಸರನ್ನೂ ಮನೆ ಮಾಲೀಕನಿಂದಲೇ ಕಡ ತಂದರು. ನ್ಯೂಯಾರ್ಕಿನ ಫುಟ್‌ಬಾಲ್ ತಂಡ 1925ರಲ್ಲಿ ಪೋಲೊ ಗ್ರೌಂಡ್ಸ್‌ನಲ್ಲಿ ಆಡತೊಡಗಿತು. ಅದು ಜೈಂಟ್ಸ್ ಎಂಬ ಬೇಸ್‌ಬಾಲ್ ತಂಡದ ಮನೆ, ಹಾಗಾಗಿ ಇವರೂ ಜೈಂಟ್ಸ್ ಆದರು. ನಮ್ಮ ಪಿಟ್ಸ್‌ಬರ್ಗ್ ತಂಡ ಸ್ಟೀಲರ್ಸ್ ಆಗಿದ್ದು 1940ರಲ್ಲಿ, ಅದಕ್ಕೂ ಮೊದಲು ಇಲ್ಲಿನ ಬೇಸ್‌ಬಾಲ್ ತಂಡದಂತೆ ಅದೂ ಪೈರೇಟ್ಸ್. ಶಿಕಾಗೋದಲ್ಲಿ ಜಾರ್ಜ್ ಹಾಲಾಸ್ ಮಾತ್ರ ಕೊಂಚ ಕುಚೋದ್ಯ ಮಾಡಿದರು. ಅಲ್ಲಿನ ಬೇಸ್‌ಬಾಲ್ ತಂಡ ಕಬ್ಸ್, ಎಂದರೆ ಮರಿಗಳು. ಫುಟ್‌ಬಾಲ್ ಆಟಗಾರರು ಅವರಿಗಿಂತ ದಪ್ಪ, ಆದ್ದರಿಂದ ತಮ್ಮ ತಂಡ ಬೇರ್ಸ್, ಕರಡಿಗಳು.

ಆ ಕರಡಿಗಳು 1921ರಿಂದ 1970ರವರೆಗೆ ಆಡಿದ್ದು ಮರಿಗಳ ಮನೆಯಾದ ರಿಗ್ಲಿ ಫೀಲ್ಡ್‌ನಲ್ಲಿ. ಫುಟ್‌ಬಾಲ್ ಅಂಗಳ ನೂರು ಗಜ ಉದ್ದ, ಎರಡೂ ತುದಿಗೆ ಹತ್ತತ್ತು ಗಜದ ಎಂಡ್ ಝೋನ್. ಒಟ್ಟು 120 ಗಜದ ಆಯತ. ಅದನ್ನು ಬೇಸ್‌ಬಾಲ್ ಮೈದಾನದೊಳಗೆ ತುರುಕಿದಾಗ ಒಂದು ತುದಿ ಇಟ್ಟಿಗೆ ಗೋಡೆಗೆ ತಾಗಿತು, ಇನ್ನೊಂದು ತುದಿಯ ಮೂಲೆ ಆಟಗಾರರು ಕುಳಿತುಕೊಳ್ಳುವ ಡಗೌಟ್ ತಗ್ಗಿಗೆ ಇಳಿಯಿತು. ಬ್ರಾಂಕೊ ನಾಗುರ್ಸ್ಕಿ ಎಂಬ ದೈತ್ಯ ಚೆಂಡು ಹಿಡಿದು ಓಡಿ ಆ ಗೋಡೆಗೆ ಅಪ್ಪಳಿಸಿದ ಕಥೆ ಹತ್ತಾರು ರೂಪಗಳಲ್ಲಿದೆ. ಕಥೆಯನ್ನು ನಾನು ನಂಬುವುದಿಲ್ಲ, ಗೋಡೆಯನ್ನು ನಂಬುತ್ತೇನೆ.

ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವುದಕ್ಕೂ ಅಪ್ಪಣೆ ಬೇಕು. ಆದರೆ ಬಾಡಿಗೆ ಮನೆಯ ಆಕಾರ ಆಟದ ನಿಯಮವನ್ನೇ ತಿದ್ದಿದ್ದೂ ಉಂಟು. 1932ರ ಡಿಸೆಂಬರ್ 18ರಂದು ಬೇರ್ಸ್ ಮತ್ತು ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ನಡುವೆ ಪ್ರಶಸ್ತಿ ನಿರ್ಧರಿಸುವ ಪಂದ್ಯವಿತ್ತು. ಶಿಕಾಗೋದಲ್ಲಿ ಹಿಮ, ಕೊರೆಯುವ ಚಳಿ. ಪಂದ್ಯವನ್ನು ಶಿಕಾಗೋ ಸ್ಟೇಡಿಯಂ ಎಂಬ ಒಳಾಂಗಣಕ್ಕೆ ಸಾಗಿಸಿದರು. ಅಲ್ಲಿ ಆಗಷ್ಟೇ ಸರ್ಕಸ್ ನಡೆದಿತ್ತು, ಅದಕ್ಕೆ ಹಾಸಿದ ಮಣ್ಣು ಇನ್ನೂ ನೆಲದ ಮೇಲಿತ್ತು, ಪ್ರಾಣಿಗಳು ಬಿಟ್ಟು ಹೋದ ಪರಿಮಳವೂ ಇತ್ತು. ಜಾಗ ಸಿಕ್ಕಿದ್ದು ಎಂಡ್ ಝೋನ್ ಸೇರಿ ಎಂಬತ್ತು ಗಜ. ಬದಿಯ ಗೆರೆಯ ಪಕ್ಕದಲ್ಲೇ ಕಟಕಟೆಯಿದ್ದುದರಿಂದ ಚೆಂಡು ಅಂಚಿಗೆ ಹೋದಾಗಲೆಲ್ಲ ಅದನ್ನು ಒಳಕ್ಕೆ ತಂದಿಟ್ಟು ಆಡಿಸಿದರು. ಬೇರ್ಸ್ 9–0 ಗೆದ್ದಿತು. ಮುಂದಿನ ವರ್ಷ ಆ ತಾತ್ಕಾಲಿಕ ಏರ್ಪಾಡನ್ನೇ ನಿಯಮ ಮಾಡಿದರು. ಭಾನುವಾರ ನೀವು ಮೈದಾನದ ನಡುವೆ ಸಾಲಾಗಿ ಕಂಡ ಪುಟ್ಟ ಬಿಳಿ ಗೀಟುಗಳ ಮೂಲ ಆ ಸರ್ಕಸ್ಸಿನ ಮಣ್ಣು.

ಸ್ವಂತ ಮನೆಯ ಮಾತಿಗೆ ಬರೋಣ. ಎನ್‌ಎಫ್‌ಎಲ್ ತಂಡವೊಂದಕ್ಕಾಗಿಯೇ ಕಟ್ಟಿದ ಮೊದಲ ಆಧುನಿಕ ಕ್ರೀಡಾಂಗಣ ಎದ್ದದ್ದು ನ್ಯೂಯಾರ್ಕಿನಲ್ಲಲ್ಲ, ಶಿಕಾಗೋದಲ್ಲೂ ಅಲ್ಲ. ಲೀಗಿನ ಅತ್ಯಂತ ಸಣ್ಣ ಊರಾದ ವಿಸ್ಕಾನ್ಸಿನ್‌ನ ಗ್ರೀನ್ ಬೇನಲ್ಲಿ, 1957ರಲ್ಲಿ. 9,60,000 ಡಾಲರ್ ಬಾಂಡ್‌ಗೆ ಊರಿನವರು ಮತ ಹಾಕಿ ಒಪ್ಪಿಗೆ ಕೊಟ್ಟರು. ಅದಕ್ಕಾಗಿ ಪ್ರಚಾರ ಭಾಷಣ ಮಾಡಲು ಬಂದವರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡದ ಬದ್ಧವೈರಿ, ಬೇರ್ಸ್‌ನ ಮಾಲೀಕ ಹಾಲಾಸ್ ಕೂಡ ಇದ್ದರು! ಎದುರಾಳಿ ಊರು ಬಿಟ್ಟರೆ ಜಗಳ ಯಾರ ಜೊತೆ ಆಡುವುದು ಎಂಬ ಚಿಂತೆ ಇರಬೇಕು. 1965ರಲ್ಲಿ ಅದಕ್ಕೆ ಲ್ಯಾಂಬೋ ಫೀಲ್ಡ್ ಎಂಬ ಹೆಸರು ಬಂತು. 1967ರ ಡಿಸೆಂಬರ್ 31ರಂದು ಮೈನಸ್ 25 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಅಲ್ಲಿ ಪ್ರಶಸ್ತಿ ಪಂದ್ಯ ನಡೆಯಿತು. ಹುಲ್ಲು ಹೆಪ್ಪುಗಟ್ಟದಿರಲೆಂದು ನೆಲದಡಿ ವಿದ್ಯುತ್ ತಂತಿ ಹಾಸಿದ್ದರು. ಅದು ಆ ದಿನವೇ ಕೈಕೊಟ್ಟಿತು. ನೆಲ ಕಲ್ಲಾಯಿತು. ಆ ಅಂಗಳ ಇಂದಿಗೂ ಇದೆ. ಸುತ್ತ ಗ್ಯಾಲರಿ ಸೇರಿಸುತ್ತಾ ಹೋಗಿ 32,000 ಆಸನವಿದ್ದದ್ದು ಈಗ 80,000 ದಾಟಿದೆ. ಕೆಡವಬೇಕು ಎಂದು ಯಾರಿಗೂ ಅನ್ನಿಸಲಿಲ್ಲ, ಏಕೆಂದರೆ ಆ ತಂಡಕ್ಕೆ ಒಬ್ಬ ಮಾಲೀಕನಿಲ್ಲ, ಷೇರುಗಳು ಜನರ ಕೈಯಲ್ಲಿವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಇಲ್ಲಿಂದ ಮುಂದೆ ನನ್ನ ಕಸುಬಿನ ವಿಷಯ. 1970ರಲ್ಲಿ ಎನ್‌ಎಫ್‌ಎಲ್ ಮತ್ತು ಅದರ ಪ್ರತಿಸ್ಪರ್ಧಿ ಲೀಗ್ ಎಎಫ್‌ಎಲ್ ಒಂದಾದಾಗ ಪ್ರತಿ ತಂಡದ ಮೈದಾನದಲ್ಲೂ ಕನಿಷ್ಠ 50,000 ಆಸನ ಇರಬೇಕೆಂಬ ಷರತ್ತು ಬಂತು. ರಿಗ್ಲಿಯಂಥ ಹಳೆಯ ಮನೆಗಳು ಒಂದೇ ಏಟಿಗೆ ಅನರ್ಹವಾದವು. ಅದೇ ಹೊತ್ತಿಗೆ ನಗರಗಳಿಗೆ ಒಂದು ಜಾಣ ಯೋಚನೆ ಹೊಳೆದಿತ್ತು: ಬೇಸ್‌ಬಾಲ್‌ಗೆ ವರ್ಷಕ್ಕೆ 81 ಪಂದ್ಯ, ಫುಟ್‌ಬಾಲ್‌ಗೆ ಆಗ ಏಳು, ಎರಡಕ್ಕೂ ಸೇರಿಸಿ ಒಂದೇ ಕಟ್ಟಿದರೆ ಸಾಕಲ್ಲ. ಹೀಗೆ ಹುಟ್ಟಿದವು ಆ ದುಂಡನೆಯ ಕಾಂಕ್ರೀಟ್ ಬಟ್ಟಲುಗಳು. 1970ರ ಬೇಸಿಗೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಸಿನ್ಸಿನಾಟಿಯ ರಿವರ್‌ಫ್ರಂಟ್ ಮತ್ತು ಪಿಟ್ಸ್‌ಬರ್ಗ್‌ನ ತ್ರೀ ರಿವರ್ಸ್ ತೆರೆದವು. ಮರುವರ್ಷ ಫಿಲಡೆಲ್ಫಿಯಾದ ವೆಟರನ್ಸ್. ಕಣ್ಣು ಕಟ್ಟಿ ಒಂದರೊಳಗೆ ಬಿಟ್ಟರೆ ಯಾವ ಊರಿನಲ್ಲಿದ್ದೇನೆ ಎಂದು ಆಟಗಾರರಿಗೂ ತಿಳಿಯುತ್ತಿರಲಿಲ್ಲ.

ಹೊಸಬರೇ, ಒಂದು ಹಾಳೆ ತೆಗೆದುಕೊಂಡು ವೃತ್ತ ಬರೆಯಿರಿ. ಅದರೊಳಗೆ ಉದ್ದನೆಯ ಆಯತ ಇರಿಸಿ. ಆಯತದ ನಾಲ್ಕು ಮೂಲೆಗಳು ವೃತ್ತಕ್ಕೆ ಹತ್ತಿರವಿವೆ, ಉದ್ದ ಬದಿಯ ನಟ್ಟನಡುವಿನ ಬಿಂದು ಅತ್ಯಂತ ದೂರವಿದೆ. ಸರಿಯೇ? ಫುಟ್‌ಬಾಲ್ ನೋಡಲು ಅತ್ಯುತ್ತಮ ಜಾಗ, ಅತಿ ದುಬಾರಿ ಟಿಕೆಟ್, ಆ ನಡುಬಿಂದುವಿನ ಎದುರು. ಅಂದರೆ ಹೆಚ್ಚು ದುಡ್ಡು ಕೊಟ್ಟವನು ಹೆಚ್ಚು ದೂರ ಕುಳಿತ. ಕೆಳಗಿನ ಗ್ಯಾಲರಿಯನ್ನು ಹಳಿಗಳ ಮೇಲೆ ತಿರುಗಿಸಿ ಸ್ವಲ್ಪ ಸರಿಪಡಿಸಿದರು, ಆದರೆ ಮೇಲಿನ ಅಂತಸ್ತನ್ನು ತಿರುಗಿಸುವವರು ಯಾರು? ಬೇಸ್‌ಬಾಲ್‌ನವರಿಗೂ ಇದೇ ದೂರು, ಬೇರೆ ಕೋನದಿಂದ. ಈ ಕಟ್ಟಡಗಳು ಮುದಿಯಾಗಿ ಸಾಯಲಿಲ್ಲ, ಹುಟ್ಟಿನಿಂದಲೇ ಯಾರಿಗೂ ಒಗ್ಗಿರಲಿಲ್ಲ. ಕಾಂಕ್ರೀಟ್‌ನಲ್ಲಿ ದೋಷವಿರಲಿಲ್ಲ, ದೋಷವಿದ್ದದ್ದು ಜ್ಯಾಮಿತಿಯಲ್ಲಿ.

ನೆಲದ ಪಾಡು ಇನ್ನೊಂದು. 1965ರಲ್ಲಿ ಹ್ಯೂಸ್ಟನ್‌ನ ಆಸ್ಟ್ರೋಡೋಮ್ ತೆರೆದಾಗ ಒಳಗೆ ನಿಜವಾದ ಹುಲ್ಲಿತ್ತು, ಮೇಲೆ ಬೆಳಕು ಬಿಡುವ ಪಾರದರ್ಶಕ ಫಲಕಗಳಿದ್ದವು. ಬೇಸ್‌ಬಾಲ್ ಆಟಗಾರರಿಗೆ ಆ ಹೊಳಪಿನಲ್ಲಿ ಎತ್ತರದ ಚೆಂಡು ಕಾಣಿಸಲಿಲ್ಲ. ಫಲಕಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು. ಸತ್ತ ಹುಲ್ಲಿಗೂ ಮಣ್ಣಿಗೂ ಹಸಿರು ಬಣ್ಣ ಬಳಿದು ಆ ವರ್ಷ ಮುಗಿಸಿದರು. ಮರುವರ್ಷ ಬಂದದ್ದು ಆಸ್ಟ್ರೋಟರ್ಫ್ ಎಂಬ ಪ್ಲಾಸ್ಟಿಕ್ ಹುಲ್ಲು. ಮುಂದೆ ಬಟ್ಟಲುಗಳೆಲ್ಲ ಅದನ್ನೇ ಗಟ್ಟಿ ನೆಲದ ಮೇಲೆ ಹಾಸಿಕೊಂಡವು, ಎರಡು ತಲೆಮಾರಿನ ಆಟಗಾರರ ಮಂಡಿಗಳು ಅದರ ಬೆಲೆ ತೆತ್ತವು. ಫಿಲಡೆಲ್ಫಿಯಾದಲ್ಲಿ 2001ರ ಆಗಸ್ಟ್‌ನಲ್ಲಿ ಹೊಸದಾಗಿ ಹಾಸಿದ ನೆಲ ಅಪಾಯಕಾರಿ ಎಂದು ಪೂರ್ವಭಾವಿ ಪಂದ್ಯವನ್ನೇ ರದ್ದು ಮಾಡಬೇಕಾಯಿತು. ಅದೇ ಕಟ್ಟಡದ ನೆಲಮಾಳಿಗೆಯಲ್ಲಿ 1997ರಿಂದ ಪಂದ್ಯದ ದಿನ ನ್ಯಾಯಾಲಯವೂ ಕೂಡುತ್ತಿತ್ತು. ಗಲಾಟೆ ಮಾಡಿದ ಪ್ರೇಕ್ಷಕರನ್ನು ಅಲ್ಲೇ ವಿಚಾರಿಸಿ ಅಲ್ಲೇ ದಂಡ ಹಾಕುತ್ತಿದ್ದರು.

ಕೈ ನೋಯುತ್ತಿದೆ. ಉಳಿದದ್ದು ನಾಳೆ.

ಮಳೆಯೂರ ಹೊಸಬ:

ಸರ್, ವೃತ್ತ ಬರೆದು ನೋಡಿದೆ. ಇಷ್ಟು ಸರಳವಾದದ್ದು ನಕ್ಷೆ ಬರೆದವರಿಗೆ ಹೊಳೆಯಲಿಲ್ಲವೇ? ಕಿಂಗ್‌ಡೋಮ್ ಕೂಡ ಇದೇ ಜಾತಿಯದ್ದೇ? ನಿಮ್ಮ ಹೆಸರಿನ ಎಂಟನೇ ಗೇಟು ಯಾವುದು?

ಎಂಟನೇ ಗೇಟು:

ಹೊಳೆದಿತ್ತು. ಆದರೆ ನಕ್ಷೆ ಬರೆಯುವವನು ದುಡ್ಡು ಕೊಡುವವನ ಮಾತು ಕೇಳಬೇಕು. ನಾನೂ ನಲವತ್ತು ವರ್ಷ ಕೇಳಿದವನೇ. ಕೇಳದೆ ಕಟ್ಟಿದ ಊರೆಂದರೆ ಕನ್ಸಾಸ್ ಸಿಟಿ. ಒಂದು ಬಟ್ಟಲಿನ ಬದಲು ಅಕ್ಕಪಕ್ಕ ಎರಡು ಕ್ರೀಡಾಂಗಣ ಕಟ್ಟಿ, ಒಂದನ್ನು ಬೇಸ್‌ಬಾಲ್‌ಗೆ, ಒಂದನ್ನು ಫುಟ್‌ಬಾಲ್‌ಗೆ ಕೊಟ್ಟರು. ಫುಟ್‌ಬಾಲ್‌ನ ಆರೋಹೆಡ್ 1972ರಲ್ಲಿ ತೆರೆಯಿತು. ಅದರ ಓರಗೆಯ ಬಟ್ಟಲುಗಳಲ್ಲಿ ಹೆಚ್ಚಿನವು ಮಣ್ಣಾದ ಮೇಲೆ, 2014ರಲ್ಲಿ, ಅಲ್ಲಿನ ಪ್ರೇಕ್ಷಕರ ಕೂಗು 142.2 ಡೆಸಿಬಲ್ ಮುಟ್ಟಿ ದಾಖಲೆಯಾಯಿತು.

ಎಂಟನೇ ಗೇಟಿನ ಮೂಲಕ ನಾನು ಒಳಗೆ ಹೋಗುತ್ತಿದ್ದದ್ದು ಡೆಟ್ರಾಯಿಟ್ ಹೊರವಲಯದ ಪಾಂಟಿಯಾಕ್ ಸಿಲ್ವರ್‌ಡೋಮ್‌ಗೆ. 1975ರ ಕಟ್ಟಡ, 80,000 ಆಸನ. ಅದರ ಚಾವಣಿಗೆ ಕಂಬವಿರಲಿಲ್ಲ, ತೊಲೆಯೂ ಇರಲಿಲ್ಲ. ಟೆಫ್ಲಾನ್ ಲೇಪಿಸಿದ ಫೈಬರ್ ಗಾಜಿನ ಬಟ್ಟೆ, ಅದನ್ನು ಬಿಗಿದ ಉಕ್ಕಿನ ಹಗ್ಗ, ಒಳಗೆ ಫ್ಯಾನುಗಳು ತುಂಬುವ ಗಾಳಿ, ಅಷ್ಟೇ. ಒಳಗಿನ ಒತ್ತಡ ಹೊರಗಿಗಿಂತ ಒಂದಿಷ್ಟು ಹೆಚ್ಚು, ಆ ಒಂದಿಷ್ಟೇ ಇಡೀ ಚಾವಣಿಯನ್ನು ಎತ್ತಿ ಹಿಡಿದಿತ್ತು. ಹಾಗಾಗಿ ಒಳಹೋಗಲು ತಿರುಗುವ ಬಾಗಿಲು. ಪಂದ್ಯ ಮುಗಿದು ಪಕ್ಕದ ಬಾಗಿಲು ತೆರೆದರೆ ಗಾಳಿ ಬೆನ್ನಿಗೆ ಕೈಯಿಟ್ಟು ನೂಕಿದಂತೆ ಹೊರಗೆ ದಬ್ಬುತ್ತಿತ್ತು. ಮೊದಲ ಸಲ ನನ್ನ ಟೋಪಿ ನನಗಿಂತ ಮುಂಚೆ ಕಾರು ನಿಲ್ಲಿಸುವ ಜಾಗ ತಲುಪಿತು. ಹೆಂಡತಿ ನಗುತ್ತಾ ನಿಂತಳು, ನಾನು ಹಿಮದಲ್ಲಿ ಟೋಪಿಯ ಹಿಂದೆ ಓಡಿದೆ. ಎಂಜಿನಿಯರ್ ಎಂಬ ಹೆಮ್ಮೆಯಿಂದ ಒತ್ತಡದ ಲೆಕ್ಕವನ್ನು ಅವಳಿಗೆ ದಾರಿಯುದ್ದಕ್ಕೂ ವಿವರಿಸಿದ್ದೆ, ಟೋಪಿ ಹಿಡಿದುಕೊಳ್ಳಬೇಕೆಂದು ಮಾತ್ರ ಹೊಳೆದಿರಲಿಲ್ಲ.

1997ರ ಡಿಸೆಂಬರ್ 21ರಂದೂ ಅಲ್ಲಿದ್ದೆ. ಡೆಟ್ರಾಯಿಟ್ ಲಯನ್ಸ್ ತಂಡದ ಬ್ಯಾರಿ ಸ್ಯಾಂಡರ್ಸ್ ಆ ಋತುವಿನಲ್ಲಿ ಚೆಂಡು ಹಿಡಿದು ಓಡಿದ್ದು 2,000 ಗಜ ದಾಟಿದ ದಿನ. ಅದೇ ಪಂದ್ಯದಲ್ಲಿ ಡೆಟ್ರಾಯಿಟ್‌ನ ರೆಜಿ ಬ್ರೌನ್ ಎಂಬ ಆಟಗಾರ ಕತ್ತಿಗೆ ಪೆಟ್ಟು ಬಿದ್ದು ಅಲುಗಾಡದೆ ಮಲಗಿದರು. ಮೈದಾನದಲ್ಲೇ ಉಸಿರು ಕೊಡಬೇಕಾಯಿತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಜಾಗ ಮೌನವಾಯಿತು. ಆಗ ಮೊದಲ ಬಾರಿಗೆ ಆ ಚಾವಣಿಯನ್ನು ಎತ್ತಿ ಹಿಡಿದ ಫ್ಯಾನುಗಳ ಸದ್ದು ನನಗೆ ಕೇಳಿಸಿತು. ಬ್ರೌನ್ ಬದುಕಿದರು, ಮತ್ತೆ ನಡೆದಾಡಿದರು, ಆಡಲಿಲ್ಲ.

ಗಾಳಿಯ ಚಾವಣಿಗೆ ಹಿಮವೇ ಶತ್ರು. ಸಿಲ್ವರ್‌ಡೋಮ್‌ನದು 1985ರಲ್ಲಿ ಹರಿಯಿತು. ಮಿನಿಯಾಪೊಲಿಸ್‌ನ ಮೆಟ್ರೋಡೋಮ್‌ನದು 2010ರ ಡಿಸೆಂಬರ್ 12ರಂದು ಹರಿದು ಒಳಗೆ ಹಿಮ ಸುರಿದ ದೃಶ್ಯವನ್ನು ನೀವೂ ನೋಡಿರಬಹುದು. ಸಿಲ್ವರ್‌ಡೋಮ್ ಕಟ್ಟಲು ಐದೂವರೆ ಕೋಟಿ ಡಾಲರ್ ದಾಟಿತ್ತು. ತಂಡ ಬಿಟ್ಟುಹೋದ ಮೇಲೆ 2009ರಲ್ಲಿ ಊರಿನವರು ಅದನ್ನು 5,83,000 ಡಾಲರ್‌ಗೆ ಹರಾಜು ಹಾಕಿದರು. 2017ರ ಡಿಸೆಂಬರ್ 3ರಂದು ಕೆಡವಲು ಸ್ಫೋಟಕ ಸಿಡಿಸಿದರು. ಹೊಗೆ ಎದ್ದಿತು, ಕಟ್ಟಡ ಅಲುಗಾಡಲಿಲ್ಲ! ನಾನು ಟಿವಿಯ ಮುಂದೆ ಕುಳಿತು ಚಪ್ಪಾಳೆ ತಟ್ಟಿದೆ. ಮರುದಿನ ಮತ್ತೆ ಸಿಡಿಸಿದಾಗ ಬಿತ್ತು.

ಕಿಂಗ್‌ಡೋಮ್ ಗಾಳಿಯದಲ್ಲ, ಕಾಂಕ್ರೀಟ್ ಚಿಪ್ಪಿನದು. 1994ರ ಜುಲೈನಲ್ಲಿ ಬೇಸ್‌ಬಾಲ್ ಪಂದ್ಯಕ್ಕೆ ಕೆಲವೇ ಗಂಟೆ ಮೊದಲು ಒಳಚಾವಣಿಯ ಹಲಗೆಗಳು ಆಸನಗಳ ಮೇಲೆ ಕಳಚಿ ಬಿದ್ದವು. ದುರಸ್ತಿ ವೇಳೆ ಕ್ರೇನ್ ಅಪಘಾತದಲ್ಲಿ ಇಬ್ಬರು ಕಾರ್ಮಿಕರು ಸತ್ತರು. ದುರಸ್ತಿ ಮುಗಿಯಿತು, ಸಾಲ ಬೆಳೆಯಿತು. ಆದರೆ ಅದು ಬಿದ್ದದ್ದು ಹಲಗೆಯಿಂದಲ್ಲ. ಸೀಹಾಕ್ಸ್ ಮಾಲೀಕ 1996ರಲ್ಲಿ ತಂಡವನ್ನು ಕ್ಯಾಲಿಫೋರ್ನಿಯಾಗೆ ಒಯ್ಯುತ್ತೇನೆಂದು ಹೊರಟರು. ಮೈಕ್ರೋಸಾಫ್ಟ್ ಸ್ಥಾಪಕರಲ್ಲೊಬ್ಬರಾದ ಪಾಲ್ ಆಲೆನ್ ಕೊಳ್ಳಲು ಮುಂದೆ ಬಂದರು, ಹೊಸ ಕ್ರೀಡಾಂಗಣ ಸಿಕ್ಕರೆ ಮಾತ್ರ ಎಂಬ ಷರತ್ತಿನೊಂದಿಗೆ. 1997ರಲ್ಲಿ ರಾಜ್ಯದ ಜನ ಮತ ಹಾಕಿದರು. ಆ ಮತದಾನದ ಖರ್ಚನ್ನೂ ಆಲೆನ್ ಅವರೇ ಕೊಟ್ಟರು. ಶೇಕಡಾ 51ರಷ್ಟು ಜನ ಒಪ್ಪಿದರು.

ಲೆಕ್ಕದ ಪುಸ್ತಕ:

ಎಂಟನೇ ಗೇಟು ಅವರೇ, ನಿಮ್ಮ ವೃತ್ತ ಮತ್ತು ಟೋಪಿ ಎರಡೂ ಚೆನ್ನಾಗಿವೆ. ಆದರೆ ಜ್ಯಾಮಿತಿಯ ಮೇಲೆ ಇಷ್ಟು ಅಪರಾಧ ಹೊರಿಸಿದರೆ ನಿಜವಾದ ಕಳ್ಳ ಹಿತ್ತಿಲಿನಿಂದ ಜಾರಿಕೊಳ್ಳುತ್ತಾನೆ. ನಾನು ಸೇಂಟ್ ಲೂಯಿಸ್‌ನಲ್ಲಿ ಹದಿನಾಲ್ಕು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವಳು. ನಮ್ಮೂರಿನದು ದುಂಡು ಬಟ್ಟಲಲ್ಲ. ಫುಟ್‌ಬಾಲ್‌ಗೆಂದೇ ಕಟ್ಟಿ 1995ರಲ್ಲಿ ತೆರೆದದ್ದು, ಸೂಟ್‌ಗಳೂ ಇದ್ದವು. ಅದೂ ಇಪ್ಪತ್ತೇ ವರ್ಷಕ್ಕೆ ಮುದಿಯಾಯಿತು. ಹೇಗೆ ಗೊತ್ತೇ? ಕರಾರಿನಲ್ಲಿ ಹಾಗೆ ಬರೆದಿತ್ತು.

ರ‍್ಯಾಮ್ಸ್ ತಂಡವನ್ನು ಕ್ಯಾಲಿಫೋರ್ನಿಯಾದಿಂದ ಕರೆತರುವ ಆತುರದಲ್ಲಿ ಊರಿನವರು ಒಂದು ಷರತ್ತಿಗೆ ಸಹಿ ಹಾಕಿದ್ದರು: 2005ರಲ್ಲಿ ಒಮ್ಮೆ, 2015ರಲ್ಲಿ ಒಮ್ಮೆ ಅಳೆದಾಗ ಈ ಕ್ರೀಡಾಂಗಣ ಲೀಗಿನ ಮೇಲಿನ ಕಾಲುಭಾಗದಲ್ಲಿ ಇರಬೇಕು. ಇಲ್ಲದಿದ್ದರೆ ತಂಡ ದೀರ್ಘ ಕರಾರಿನಿಂದ ಕಳಚಿಕೊಳ್ಳಬಹುದು. ಬೇರೆ ಊರುಗಳು ಹೊಸದು ಕಟ್ಟಿದಷ್ಟೂ ನಮ್ಮದು ಇದ್ದಲ್ಲೇ ಹಳೆಯದಾಗುತ್ತಾ ಹೋಗುವ ವ್ಯವಸ್ಥೆ ಇದು. ಗೋಡೆಯಲ್ಲಿ ಒಂದು ಬಿರುಕು ಮೂಡಬೇಕಾಗಿಲ್ಲ. 2013ರಲ್ಲಿ ಮಧ್ಯಸ್ಥಗಾರರು ತಂಡದ ಪರ ತೀರ್ಪು ಕೊಟ್ಟರು. ಅದರಂತೆ ನವೀಕರಿಸಲು ಸುಮಾರು 70 ಕೋಟಿ ಡಾಲರ್ ಬೇಕಿತ್ತು. ಊರು ಆಗುವುದಿಲ್ಲ ಎಂದಿತು. 2016ರ ಜನವರಿಯಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಹೊರಟಿತು. ರಾಜ್ಯ 1.2 ಕೋಟಿ, ನಗರ 60 ಲಕ್ಷ, ಕೌಂಟಿ 60 ಲಕ್ಷ, ಹೀಗೆ ವರ್ಷಕ್ಕೆ 2.4 ಕೋಟಿ ಡಾಲರ್ ಕಂತು ಮಾತ್ರ ಊರಿನಲ್ಲೇ ಉಳಿಯಿತು. ಆಮೇಲೆ ಊರಿನವರು ಮೊಕದ್ದಮೆ ಹೂಡಿ, 2021ರಲ್ಲಿ ಲೀಗ್ ಮತ್ತು ತಂಡದಿಂದ 79 ಕೋಟಿ ಡಾಲರ್ ರಾಜಿ ಹಣ ಪಡೆದರು ಎನ್ನುವುದು ಬೇರೆ ಮಾತು. ಆ ದಿನ ನಮ್ಮ ಕಚೇರಿಯಲ್ಲಿ ಕೇಕ್ ತರಿಸಿದ್ದರು.

ಕಾನೂನಿನ ತಮಾಷೆಯನ್ನೂ ಕೇಳಿ. ನಗರಗಳು ಹೊರಡಿಸುವ ಬಾಂಡ್‌ಗಳ ಬಡ್ಡಿಗೆ ತೆರಿಗೆ ಇಲ್ಲ, ಹಾಗಾಗಿ ಅಗ್ಗದ ಸಾಲ ಸಿಗುತ್ತದೆ. ಖಾಸಗಿ ತಂಡಗಳ ಕ್ರೀಡಾಂಗಣಕ್ಕೆ ಈ ಸೌಲಭ್ಯ ಹೋಗಬಾರದೆಂದು 1986ರಲ್ಲಿ ತೆರಿಗೆ ಕಾನೂನು ತಿದ್ದಿದರು. ಕಟ್ಟಡದ ಬಳಕೆಯಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಖಾಸಗಿಯವರದ್ದಾಗಿ, ಸಾಲ ತೀರಿಸುವ ಹಣದಲ್ಲೂ ಶೇಕಡಾ 10ಕ್ಕಿಂತ ಹೆಚ್ಚು ಖಾಸಗಿಯವರಿಂದ ಬಂದರೆ ತೆರಿಗೆ ವಿನಾಯಿತಿ ಇಲ್ಲ ಎಂದರು. ಬಳಕೆ ಹೇಗೂ ತಂಡದ್ದೇ. ಆದ್ದರಿಂದ ನಗರಗಳು ಎರಡನೆಯ ಬಾಗಿಲು ಹುಡುಕಿದವು: ತಂಡದಿಂದ ಶೇಕಡಾ 10ಕ್ಕಿಂತ ಹೆಚ್ಚು ತೆಗೆದುಕೊಳ್ಳದಿದ್ದರೆ ಆಯಿತಲ್ಲ! ಉಳಿದದ್ದನ್ನು ಹೋಟೆಲ್ ಕೋಣೆ, ಬಾಡಿಗೆ ಕಾರುಗಳ ಮೇಲೆ ತೆರಿಗೆ ಹಾಕಿ ತುಂಬಿಸಿದವು. ಸಹಾಯಧನ ತಡೆಯಲು ಬರೆದ ಕಾನೂನು ಮಾಲೀಕರಿಗೆ ಇನ್ನಷ್ಟು ಸಹಾಯ ಮಾಡಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಕೊಡದ ಊರಿಗೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. 1984ರ ಮಾರ್ಚ್ 28ರ ರಾತ್ರಿ ಬಾಲ್ಟಿಮೋರ್‌ನ ಕೋಲ್ಟ್ಸ್ ತಂಡ ಸಾಮಾನು ಸಾಗಿಸುವ ಲಾರಿಗಳಿಗೆ ಹೆಲ್ಮೆಟ್ಟು ಪೆಟ್ಟಿಗೆಗಳನ್ನೆಲ್ಲ ತುಂಬಿಕೊಂಡು ಹಿಮದಲ್ಲೇ ಇಂಡಿಯಾನಾಪೊಲಿಸ್‌ಗೆ ಹೋಯಿತು, ಅಲ್ಲಿ ಹೊಸ ಡೋಮ್ ಕಾದಿತ್ತು. ಬೆಳಗಾದಾಗ ಊರಿನಲ್ಲಿ ತಂಡವಿರಲಿಲ್ಲ. ಹನ್ನೊಂದು ವರ್ಷದ ಮೇಲೆ ಅದೇ ಬಾಲ್ಟಿಮೋರ್ ಕ್ಲೀವ್‌ಲ್ಯಾಂಡ್‌ನ ತಂಡವನ್ನು ಎಳೆದುಕೊಂಡಿತು. 1995ರ ಡಿಸೆಂಬರ್ 17ರ ಕೊನೆಯ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ಜನ ಆಸನಗಳನ್ನು ಕಿತ್ತು ಮೈದಾನಕ್ಕೆ ಎಸೆದರು. 1931ರ ಆ ಕ್ರೀಡಾಂಗಣವನ್ನು ಒಡೆದು, ಅವಶೇಷಗಳನ್ನು ಎರೀ ಸರೋವರಕ್ಕೆ ಇಳಿಸಿ ಮೀನುಗಳಿಗೆ ದಿಬ್ಬ ಮಾಡಿದರು. ಹೊಸದು ಕಟ್ಟಿಕೊಟ್ಟ ಮೇಲೆ 1999ರಲ್ಲಿ ಲೀಗ್ ಅವರಿಗೆ ತಂಡ ಕೊಟ್ಟಿತು.

ಗ್ರೀನ್ ಬೇಗೆ ಒಬ್ಬ ಮಾಲೀಕನಿಲ್ಲ ಎಂದು ನೀವೇ ಬರೆದಿದ್ದೀರಿ. ಅಲ್ಲಿ ಬೆದರಿಸುವವನಿಲ್ಲ. ಅದಕ್ಕೇ ಕಟ್ಟಡ ಉಳಿದಿದೆ.

ಟಚ್‌ಡೌನ್ ತಮ್ಮಯ್ಯ:

ಮೇಡಂ, ನಾನು ಒಂದು ಪದದಲ್ಲಿ ಹೇಳಿದ್ದನ್ನು ನೀವು ಅಂಕಿಅಂಶ ಸಮೇತ ಹೇಳಿದಿರಿ, ಧನ್ಯವಾದ. ಆದರೆ ಅಗ್ಗದಲ್ಲಿ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಬಾಸ್ಟನ್ ಕಡೆಯ ನನ್ನಿಂದ ಒಂದು ಸಾಕ್ಷ್ಯ. ಫಾಕ್ಸ್‌ಬರೋದಲ್ಲಿ 1971ರಲ್ಲಿ ಸುಮಾರು 70 ಲಕ್ಷ ಡಾಲರ್‌ಗೆ ಮುಗಿಸಿದ ಕ್ರೀಡಾಂಗಣಕ್ಕೆ ಬಿಯರ್ ಕಂಪನಿಯೊಂದರ ಹೆಸರಿಟ್ಟಿದ್ದರು. ಬಹುತೇಕ ಆಸನಗಳೆಂದರೆ ಬೆನ್ನೊರಗಿಲ್ಲದ ಲೋಹದ ಬೆಂಚು. ಮೊದಲ ಪಂದ್ಯದ ದಿನವೇ ಶೌಚಾಲಯಗಳು ಕಟ್ಟಿಕೊಂಡು ಉಕ್ಕಿದವು. ಆರೋಗ್ಯ ಇಲಾಖೆಯವರು ಸರಿಪಡಿಸಿದ್ದನ್ನು ತೋರಿಸಿ ಎಂದರು. ತಂಡದ ಸಿಬ್ಬಂದಿ, ಪತ್ರಕರ್ತರು ಎಲ್ಲರೂ ಶೌಚಾಲಯಗಳಲ್ಲಿ ಸಾಲಾಗಿ ನಿಂತು, ಸನ್ನೆ ಕೊಟ್ಟಾಗ ಒಟ್ಟಿಗೆ ಎಲ್ಲದಕ್ಕೂ ನೀರು ಬಿಟ್ಟರು. ಪರೀಕ್ಷೆ ಪಾಸಾಯಿತು. ಆ ಕ್ರೀಡಾಂಗಣದ ಇತಿಹಾಸದಲ್ಲಿ ತಂಡ ಇಷ್ಟು ಒಗ್ಗಟ್ಟಾಗಿ ಆಡಿದ ದಿನ ಮತ್ತೆ ಬರಲಿಲ್ಲ ಎಂದು ನನ್ನ ಅಭಿಪ್ರಾಯ.

ಎಂಟನೇ ಗೇಟು:

ಲೆಕ್ಕದ ಪುಸ್ತಕದವರು ಹೇಳಿದ ಕರಾರಿನ ವಿಷಯ ನನಗೆ ಈ ವಿವರದಲ್ಲಿ ತಿಳಿದಿರಲಿಲ್ಲ. ಒಪ್ಪಿದೆ. ಆದರೂ ಜ್ಯಾಮಿತಿಯನ್ನು ಪೂರ್ತಿ ಖುಲಾಸೆ ಮಾಡುವುದಿಲ್ಲ. ದುಂಡು ಬಟ್ಟಲುಗಳನ್ನು ಕೆಡವಿದಾಗ ಅಳುವವರು ಕಡಿಮೆ ಇದ್ದರು, ಅದಕ್ಕೇ ಬೆದರಿಕೆ ಅಷ್ಟು ಸುಲಭವಾಗಿ ಫಲಿಸಿತು.

ಅಳುವವರು ಇರಲೇ ಇಲ್ಲ ಎಂದಲ್ಲ. 2001ರ ಫೆಬ್ರವರಿ 11ರ ಮುಂಜಾನೆ ನಾನು ಮೌಂಟ್ ವಾಷಿಂಗ್ಟನ್ ಗುಡ್ಡದ ಮೇಲೆ ಸಾವಿರಾರು ಜನರ ನಡುವೆ ನಿಂತಿದ್ದೆ. ಕೆಳಗೆ ನದಿಯಾಚೆ ತ್ರೀ ರಿವರ್ಸ್, ಅದಕ್ಕೆ ಅಂಟಿಕೊಂಡಂತೆ ಅರ್ಧ ಕಟ್ಟಿದ ಹೊಸ ಕ್ರೀಡಾಂಗಣ. ಪಕ್ಕದಲ್ಲಿದ್ದ ಮುದುಕರೊಬ್ಬರು ಸ್ಟೀಲರ್ಸ್ ಅಭಿಮಾನಿಗಳ ಹಳದಿ ಟವೆಲ್ ಕುತ್ತಿಗೆಗೆ ಸುತ್ತಿಕೊಂಡು ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದರು. ಬಟ್ಟಲಿನ ಅಂಚು ಒಂದು ಕಡೆಯಿಂದ ಕುಸಿಯತೊಡಗಿದ್ದು ಮೊದಲು ಕಣ್ಣಿಗೆ ಕಂಡಿತು, ಸದ್ದು ಕೆಲವು ಕ್ಷಣ ತಡವಾಗಿ ಬಂತು. ಆ ಮೂರು ನಾಲ್ಕು ಕ್ಷಣ ಅದು ನಿಶ್ಶಬ್ದವಾಗಿ ಮಂಡಿಯೂರುತ್ತಿತ್ತು. ಮುದುಕರು ಕಾಫಿಯ ಲೋಟ ಹಿಡಿದ ಕೈ ಇಳಿಸಲಿಲ್ಲ.

ಆ ಬಟ್ಟಲಿನ ಪ್ಲಾಸ್ಟಿಕ್ ಹುಲ್ಲಿನ ಮೇಲೆಯೇ 1972ರ ಡಿಸೆಂಬರ್ 23ರಂದು, ಆಟ ಮುಗಿಯಲು ಕೆಲವೇ ಸೆಕೆಂಡು ಇದ್ದಾಗ, ಸ್ಟೀಲರ್ಸ್‌ನ ಫ್ರಾಂಕೊ ಹ್ಯಾರಿಸ್ ನೆಲ ಮುಟ್ಟಲಿದ್ದ ಚೆಂಡನ್ನು ಬೂಟಿನ ಹತ್ತಿರ ಎತ್ತಿಕೊಂಡು ಓಡಿ ಪಂದ್ಯ ಗೆಲ್ಲಿಸಿದ್ದು. ಕಟ್ಟಡ ಹೋದ ಮೇಲೆ ಆ ಬಿಂದು ಎಲ್ಲಿ ಬರುತ್ತದೆಂದು ಅಳೆದು, 2012ರಲ್ಲಿ ಅಲ್ಲೊಂದು ಗುರುತು ಹಾಕಿದ್ದಾರೆ. ಈಗ ಅದು ರಸ್ತೆ ಬದಿಯ ಕಾಲುದಾರಿ. ಬಂದವರು ಅಲ್ಲಿ ಬಗ್ಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ಒಮ್ಮೆ ಬಗ್ಗಿದೆ. ಏಳಲು ಹೆಂಡತಿ ಕೈ ಕೊಡಬೇಕಾಯಿತು.

ಮಳೆಯೂರ ಹೊಸಬ:

ಎಲ್ಲರಿಗೂ ಧನ್ಯವಾದ. ಕಿಂಗ್‌ಡೋಮ್ ಸಾಲ 2015ರವರೆಗೆ ತೀರಿದ್ದು ಯಾವ ಹಣದಿಂದ ಎಂದು ಹುಡುಕಿದೆ. ಇಲ್ಲೂ ಅದೇ, ಕೌಂಟಿಯ ಹೋಟೆಲ್ ಕೋಣೆಗಳ ಮೇಲೆ ಹಾಕಿದ ತೆರಿಗೆ.

ಟಚ್‌ಡೌನ್ ತಮ್ಮಯ್ಯ:

ಸ್ವಲ್ಪ ತಡೆಯಿರಿ. 2009ರಲ್ಲಿ ಕಚೇರಿ ಕೆಲಸದ ಮೇಲೆ ನಾನು ಸಿಯಾಟಲ್‌ನಲ್ಲಿ ನಾಲ್ಕು ರಾತ್ರಿ ಹೋಟೆಲಿನಲ್ಲಿದ್ದೆ. ಬಿಲ್ಲಿನ ಕೆಳಗೆ ತೆರಿಗೆಯ ಸಾಲುಗಳು ಉದ್ದಕ್ಕಿದ್ದವು, ಯಾವುದಕ್ಕೆ ಎಂದು ಕೇಳಿರಲಿಲ್ಲ. ಹಾಗಾದರೆ ಆ ಗುಮ್ಮಟ ಬಿದ್ದು ಒಂಬತ್ತು ವರ್ಷವಾದ ಮೇಲೆ, ಅದನ್ನು ಒಮ್ಮೆಯೂ ಕಣ್ಣಾರೆ ಕಾಣದ ನಾನು, ಅದರ ಕಂತು ಕಟ್ಟಿ ಬಂದಿದ್ದೇನೆ. ಕಚೇರಿಯವರು ಬಿಲ್ಲಿನ ಹಣ ವಾಪಸು ಕೊಟ್ಟಿದ್ದರು ಎಂಬುದೊಂದೇ ಸಮಾಧಾನ.